ಆಪ್ ತೋರಿಸುವ ಗಾಂಧಾರ ತಂಬೂರಿಯ ಗಾಂಧಾರವಲ್ಲ

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಮನೆಯಲ್ಲೇ ಸಂಗೀತಾಭ್ಯಾಸ ಮಾಡಿಸುವ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಉಪಯುಕ್ತವಾಗಿತ್ತು. ಆದರೆ ಅದರಲ್ಲಿನ ಎರಡು ಸಲಹೆಗಳನ್ನು ತಿದ್ದಲೇಬೇಕು. ಮೊಬೈಲಿನ ಟ್ಯೂನರ್ ಆಪ್‌ನಲ್ಲಿ ಹಸಿರು ಬಣ್ಣ ಬಂದರೆ ತಂಬೂರಿ ಶ್ರುತಿ ಸೇರಿತೆಂದೇ ತಿಳಿಯಿರಿ ಎಂಬುದು ಒಂದು. ಮಗು ಹಾಡಿದ ಸ್ವರ ಸರಿಯೋ ತಪ್ಪೋ ಎಂದು ಕೀಬೋರ್ಡಿನ ಮನೆ ಒತ್ತಿ ತಾಳೆ ನೋಡಿ, ಹನ್ನೆರಡು ಸ್ವರಗಳ ವೈಜ್ಞಾನಿಕ ಅಳತೆ ಅದರಲ್ಲಿದೆ ಎಂಬುದು ಇನ್ನೊಂದು. ಆಪ್‌ನಲ್ಲೂ ಕೀಬೋರ್ಡಿನಲ್ಲೂ ಕೂತಿರುವುದು ಒಂದೇ ಅಳತೆ: ಸ್ಥಾಯಿಯನ್ನು, ಅಂದರೆ ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗಿನ ಅಂತರವನ್ನು, ಹನ್ನೆರಡು ಸಮಭಾಗ ಮಾಡಿದ ಅಳತೆ. ಅದು ಗಣಿತದ ದೃಷ್ಟಿಯಿಂದ ಅಚ್ಚುಕಟ್ಟಾದದ್ದು, ಆದರೆ ತಂಬೂರಿಯ ಮುಂದೆ ಕೂತು ಹಾಡುವವರಿಗಾಗಿ ಮಾಡಿದ್ದಲ್ಲ. ಹೇಗೆ ಎಂದು ಲೆಕ್ಕ ಸಮೇತ ಹೇಳಿದರೆ ಪೋಷಕರಿಗೂ ಪಾಠ ಹೇಳುವವರಿಗೂ ಅನುಕೂಲ.

ಲೆಕ್ಕ ಸುಲಭವಾಗಲೆಂದು ಮಧ್ಯಸ್ಥಾಯಿ ಷಡ್ಜಕ್ಕೆ ಸೆಕೆಂಡಿಗೆ 240 ಕಂಪನ ಎಂದಿಟ್ಟುಕೊಳ್ಳೋಣ. ಹಿಂದೂಸ್ತಾನಿ ಶಾಸ್ತ್ರಪುಸ್ತಕಗಳಲ್ಲೂ ಹೀಗೆ ಇಟ್ಟುಕೊಳ್ಳುವ ರೂಢಿಯಿದೆ. ತಾರ ಷಡ್ಜ ಅದರ ಎರಡರಷ್ಟು, 480. ಪಂಚಮ ಒಂದೂವರೆಯಷ್ಟು, 360. ಶುದ್ಧ ಮಧ್ಯಮ ನಾಲ್ಕನೇ ಮೂರು ಉದ್ದದ ತಂತಿಯಲ್ಲಿ ಹುಟ್ಟುವುದು, 320. ಗಾಂಧಾರಗಳಲ್ಲಿ ಮೇಲಿನದಾದ ಅಂತರ ಗಾಂಧಾರ ಒಂದೂಕಾಲರಷ್ಟು, 300. ಈ ಭಿನ್ನರಾಶಿಗಳು ತಂತಿಯೊಳಗೇ ಇವೆ. ಮೀಟಿದ ತಂತಿ ಇಡಿಯಾಗಿ ಅಲುಗುವ ಜೊತೆಗೆ ಎರಡು ತುಂಡಾಗಿ, ಮೂರು ತುಂಡಾಗಿ, ನಾಲ್ಕು, ಐದು ತುಂಡಾಗಿಯೂ ಒಟ್ಟಿಗೇ ಅಲುಗುತ್ತದೆ. ಹಾಗಾಗಿ 240ರ ತಂತಿಯೊಳಗೆ 480, 720, 960, 1200 ಎಲ್ಲವೂ ಸಣ್ಣಗೆ ಕೇಳುತ್ತವೆ. 360ರ ಪಂಚಮದ ಎರಡನೆಯ ತುಂಡಿನ ನಾದ 720. ಷಡ್ಜದ ಮೂರನೆಯದೂ 720. 300ರ ಗಾಂಧಾರದ ನಾಲ್ಕನೆಯದು 1200. ಷಡ್ಜದ ಐದನೆಯದೂ 1200. ಇವು ಕರಾರುವಾಕ್ಕಾಗಿ ಕೂಡಿದಾಗ ನಾದ ಅಲುಗದೆ ನಿಲ್ಲುತ್ತದೆ. ಒಂದೆರಡು ಕಂಪನ ಆಚೀಚೆಯಾದರೂ ಅಷ್ಟೇ ವೇಗದಲ್ಲಿ ನಾದ ಉಬ್ಬಿ ಇಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸ ಎಷ್ಟೋ, ಸೆಕೆಂಡಿಗೆ ಅಷ್ಟು ಅಲೆ. ಶ್ರುತಿ ಸೇರಿಸುವ ವಿದ್ಯೆಯೆಲ್ಲ ಈ ಅಲೆಯನ್ನು ಕೇಳಿಸಿಕೊಂಡು ನಿಧಾನವಾಗಿಸಿ ನಿಲ್ಲಿಸುವುದರಲ್ಲಿದೆ.

ಇಷ್ಟು ಚೊಕ್ಕವಾದ ಭಿನ್ನರಾಶಿಗಳಿರುವಾಗ ಸಮಭಾಗ ಯಾಕೆ ಬೇಕಾಯಿತು? ಪಂಚಮದಿಂದ ಪಂಚಮಕ್ಕೆ ಏರುತ್ತ ಹೋದರೆ ಹನ್ನೆರಡನೆಯ ಹೆಜ್ಜೆಗೆ ಷಡ್ಜಕ್ಕೇ ವಾಪಸು ಬರಬೇಕು ಎಂಬುದು ಆಸೆ. ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದರೆ 129.746 ಬರುತ್ತದೆ, ಏಳು ಸ್ಥಾಯಿ ಮೇಲಿನ ಷಡ್ಜ ಮಾತ್ರ 128ರಲ್ಲಿದೆ. ಮೂರನ್ನು ಎಷ್ಟೇ ಸಲ ಗುಣಿಸಿದರೂ ಬೆಸಸಂಖ್ಯೆಯೇ, ಎರಡನ್ನು ಎಷ್ಟೇ ಗುಣಿಸಿದರೂ ಸಮಸಂಖ್ಯೆಯೇ. ಆದ್ದರಿಂದ ಈ ಎರಡು ದಾರಿಗಳು ಎಂದಿಗೂ ಸಂಧಿಸುವುದಿಲ್ಲ. ಉಳಿಯುವ ಅಂತರ 23.46 ಸೆಂಟ್. ಸೆಂಟ್ ಎಂದರೆ ಒಂದು ಸ್ಥಾಯಿಯ 1200ನೇ ಒಂದು ಭಾಗ; 1885ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ ಬಳಕೆಗೆ ತಂದ ಅಳತೆ. ಆ 23.46ನ್ನು ಹನ್ನೆರಡು ಪಂಚಮಗಳಿಗೂ ಸಮನಾಗಿ ಹಂಚಿ ತಲಾ 1.955 ಸೆಂಟ್ ಇಳಿಸಿದರೆ ವೃತ್ತ ಮುಚ್ಚಿಕೊಳ್ಳುತ್ತದೆ, ಪ್ರತಿ ಮನೆಯೂ ಹಿಂದಿನದಕ್ಕಿಂತ 1.05946ರಷ್ಟಾಗುತ್ತದೆ. ಎರಡರ ಹನ್ನೆರಡನೆಯ ಮೂಲವೇ ಈ ಸಂಖ್ಯೆ. ಚೀನಾದ ಮಿಂಗ್ ರಾಜಕುಮಾರ ಝು ಝೈಯು 1584ರ ಹೊತ್ತಿಗೆ ಇದನ್ನು ಲೆಕ್ಕ ಹಾಕಿಟ್ಟಿದ್ದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಯುರೋಪಿನಲ್ಲಿ ಸೈಮನ್ ಸ್ಟೆವಿನ್ ಕೂಡ ಇದಕ್ಕೇ ಬಂದು ಮುಟ್ಟಿದ. ಹಾಡಿನ ನಡುವೆಯೇ ಆಧಾರ ಷಡ್ಜ ಬದಲಿಸುತ್ತ, ಮೂರು ನಾಲ್ಕು ಸ್ವರ ಒಟ್ಟಿಗೆ ನುಡಿಸುವ ಪಾಶ್ಚಾತ್ಯ ವಾದ್ಯಗಳಿಗೆ ಇದು ದೊಡ್ಡ ವರ. ಯಾವ ಮನೆಯಿಂದ ಶುರು ಮಾಡಿದರೂ ತಪ್ಪು ಒಂದೇ ಪ್ರಮಾಣದಲ್ಲಿರುತ್ತದೆ. ನಮ್ಮಲ್ಲಿ ಷಡ್ಜ ಕಚೇರಿಯ ಉದ್ದಕ್ಕೂ ಕದಲುವುದಿಲ್ಲ. ಆ ವರದ ಅಗತ್ಯ ನಮಗಿಲ್ಲ, ಅದಕ್ಕೆ ತೆರಬೇಕಾದ ಬೆಲೆ ಮಾತ್ರ ತೆರುತ್ತಿದ್ದೇವೆ.

ಬೆಲೆ ಎಷ್ಟು? ಸಮಭಾಗದ ಪಂಚಮ 359.59. ಷಡ್ಜದ ಜೊತೆ ಸೆಕೆಂಡಿಗೆ 0.8 ಅಲೆ, ಅಂದರೆ ಸುಮಾರು ಒಂದೂಕಾಲು ಸೆಕೆಂಡಿಗೊಂದು ಸಣ್ಣ ತೂಗಾಟ. ಇದನ್ನು ಸಹಿಸಿಕೊಳ್ಳಬಹುದು. ಸಮಭಾಗದ ಅಂತರ ಗಾಂಧಾರ 302.38. ಅದರ ನಾಲ್ಕರಷ್ಟು 1209.5, ಷಡ್ಜದೊಳಗಿನ 1200ರ ಜೊತೆ ಸೆಕೆಂಡಿಗೆ ಒಂಬತ್ತೂವರೆ ಅಲೆ. ಇಷ್ಟು ವೇಗದ ಅಲೆ ಕಿವಿಗೆ ತೂಗಾಟವಾಗಿ ಕೇಳುವುದಿಲ್ಲ, ಒರಟುತನವಾಗಿ ಕೇಳುತ್ತದೆ. 14 ಸೆಂಟ್ ಏರಿದ ಗಾಂಧಾರ ಅದು.

ಚೆನ್ನಾಗಿ ಶ್ರುತಿಯಾದ ತಂಬೂರಿಯಲ್ಲಿ ಯಾರೂ ಕಟ್ಟದ ಗಾಂಧಾರವೊಂದು ತಾನಾಗಿ ಮೊಳಗುತ್ತದೆ ಎಂಬುದನ್ನು ಸಂಗೀತ ಕಲಿತವರೆಲ್ಲ ಬಲ್ಲರು. ನಾಲ್ಕನೆಯ ತಂತಿ ಮಂದ್ರ ಷಡ್ಜ, 120 ಕಂಪನ. ಅದರ ಐದರಷ್ಟು 600, ತಾರಸ್ಥಾಯಿಯ ಅಂತರ ಗಾಂಧಾರ. ಸಾಮಾನ್ಯ ವಾದ್ಯಗಳಲ್ಲಿ ಇಂಥ ನಾದಗಳು ಮಂಕಾಗಿರುತ್ತವೆ. ತಂಬೂರಿಯ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿಯ) ಬೆನ್ನು ಅಗಲವಾಗಿ, ತುಸು ಬಾಗಿದ್ದು, ಅದರ ಮೇಲೆ ತಂತಿಯ ಕೆಳಗೆ ಜೀವದ ನೂಲು ಎಂಬ ಎಳೆ ಇರುವುದರಿಂದ ಇವು ಎದ್ದು ಕೇಳುತ್ತವೆ. ತಂತಿಯನ್ನು ಎಲ್ಲಿ ಮೀಟಿದರೆ ಯಾವ ನಾದ ಅಡಗಬೇಕೆಂದು ಯುರೋಪಿನ ಭೌತವಿಜ್ಞಾನಿಗಳು ಹೇಳಿದ್ದರೋ, ತಂಬೂರಿ ಮತ್ತು ವೀಣೆಯಲ್ಲಿ ಆ ನಾದವೂ ಜೋರಾಗಿಯೇ ಕೇಳುತ್ತದೆ ಎಂದು 1921ರಲ್ಲಿ ಸಿ.ವಿ. ರಾಮನ್ ತೋರಿಸಿಕೊಟ್ಟರು; ಕಾರಣ ಈ ಕುದುರೆಯೇ. ಈಗ ಮಗು ಕೀಬೋರ್ಡಿನಿಂದ ಕಲಿತ 302.38ರ ಗಾಂಧಾರವನ್ನು ಹಿಡಿದು ನಿಲ್ಲಲಿ. ಅದರ ಎರಡರಷ್ಟು 604.8, ತಂಬೂರಿಯಿಂದ ಬರುತ್ತಿರುವುದು 600. ಸೆಕೆಂಡಿಗೆ ಸುಮಾರು ಐದು ಅಲೆ. ಪಾಠದಲ್ಲಿ ಗುರುಗಳು 'ಗಾಂಧಾರ ಏರುತ್ತಿದೆ, ಇಳಿಸು' ಎನ್ನುತ್ತಾರೆ. ಮನೆಗೆ ಬಂದರೆ ಕೀಬೋರ್ಡು ಸರಿಯೆನ್ನುತ್ತದೆ. ಗುರುಗಳು ಹೇಳಿದ್ದೇ ಸರಿ. ಇಷ್ಟು ವ್ಯತ್ಯಾಸವನ್ನು ಎಂಟು ವರ್ಷದ ಮಗುವಿನ ಕಿವಿಯೂ ಹಿಡಿಯಬಲ್ಲದು, ಯಾವುದನ್ನು ನಂಬಬೇಕೆಂದು ಹೇಳಿಕೊಡುವವರು ಬೇಕಷ್ಟೆ.

ಇನ್ನು ಆಪ್ ವಿಷಯ. ಎಲ್ಲ ಆಪ್‌ಗಳೂ ಕೆಟ್ಟವಲ್ಲ. ಆದರೆ ಹೆಚ್ಚಿನವು ಎ ಸ್ವರಕ್ಕೆ 440 ಎಂಬ ಅಂತಾರಾಷ್ಟ್ರೀಯ ಅಳತೆಯನ್ನೂ ಹನ್ನೆರಡು ಸಮಭಾಗವನ್ನೂ ಮೊದಲೇ ಹಾಕಿಕೊಂಡು ಬಂದಿರುತ್ತವೆ. ಹಾಡುವವರ ಷಡ್ಜ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಬಿದ್ದರೆ ಮುಳ್ಳು ಹಸಿರಿಗೆ ಬರುವುದೇ ಇಲ್ಲ. ಆಗ ಜನ ತಮ್ಮ ಗಂಟಲಿಗೆ ಹೊಂದುವ ಶ್ರುತಿ ಬಿಟ್ಟು ಆಪ್ ಒಪ್ಪುವ ಶ್ರುತಿಗೆ ಹೋಗುತ್ತಾರೆ. ಮಂದ್ರ ತಂತಿಯಲ್ಲಿ ಇನ್ನೊಂದು ತೊಡಕು. ಮೊಬೈಲಿನ ಮೈಕು ತಗ್ಗಿನ ನಾದವನ್ನು ಸರಿಯಾಗಿ ಹಿಡಿಯುವುದಿಲ್ಲ, ಜೀವದ ನೂಲಿದ್ದರೆ ಮೇಲಿನ ನಾದಗಳೇ ಜೋರು. ಪರದೆ ಒಮ್ಮೆ ಷಡ್ಜ, ಒಮ್ಮೆ ಪಂಚಮ, ಒಮ್ಮೆ ಗಾಂಧಾರ ಎಂದು ಕುಣಿಯುತ್ತದೆ. ಜೋರಾಗಿ ಮೀಟಿದ ತಂತಿ ಮೊದಲ ಕ್ಷಣದಲ್ಲಿ ಏರಿದ್ದು ಆಮೇಲೆ ಇಳಿದು ನಿಲ್ಲುವುದರಿಂದ, ಯಾವ ಕ್ಷಣದ ಹಸಿರನ್ನು ನಂಬಬೇಕೆಂಬುದೂ ಗೊಂದಲವೇ. ಕಿವಿಯ ಸೂಕ್ಷ್ಮತೆಯನ್ನು ಕಡಿಮೆ ಎಂದುಕೊಳ್ಳಬೇಡಿ: 720ರ ಹತ್ತಿರ ಐದು ಸೆಕೆಂಡಿಗೊಂದು ಅಲೆ ಕೇಳಿಸಿಕೊಂಡವರು ಅರ್ಧ ಸೆಂಟ್‌ನಷ್ಟು ವ್ಯತ್ಯಾಸವನ್ನು ಗುರುತಿಸಿದಂತೆ.

ಆದ್ದರಿಂದ ಆಪ್‌ನಿಂದಲೋ ಶ್ರುತಿ ಪೆಟ್ಟಿಗೆಯಿಂದಲೋ ಷಡ್ಜವೊಂದನ್ನು ಮಾತ್ರ ತೆಗೆದುಕೊಳ್ಳಿ, ಉಳಿದದ್ದು ಹೀಗೆ. ಮೊದಲು ನಾಲ್ಕೂ ತಂತಿಗಳಲ್ಲಿ ಕುದುರೆಯ ಆಚೆ ಪೋಣಿಸಿರುವ ಮಣಿಗಳನ್ನು ನಡುಜಾಗಕ್ಕೆ ತನ್ನಿ, ಆಗ ಏರಿಸಲೂ ಇಳಿಸಲೂ ಅವಕಾಶ ಇರುತ್ತದೆ. ಜೀವದ ನೂಲುಗಳನ್ನು ಕುದುರೆಯ ತುದಿಗೆ ಎಳೆದುಬಿಡಿ. ನೂಲಿದ್ದಾಗ ಅಲೆ ಎಣಿಸುವುದು ಕಷ್ಟ. ಮಧ್ಯಸ್ಥಾಯಿ ಷಡ್ಜದ ಎರಡು ತಂತಿಗಳಾದ ಸಾರಣಿಗಳಲ್ಲಿ ಒಂದನ್ನು ಷಡ್ಜಕ್ಕೆ ತನ್ನಿ. ಬಿರಡೆಯನ್ನು (ತಂತಿ ಬಿಗಿಯುವ ಗೂಟವನ್ನು) ಬೇಕಾದ್ದಕ್ಕಿಂತ ತುಸು ಇಳಿಸಿ ಮತ್ತೆ ಏರಿಸಿಯೇ ಸ್ವರಕ್ಕೆ ಬರಬೇಕು, ಒಳಕ್ಕೆ ಒತ್ತಿ ಹಿಡಿದು ತಿರುಗಿಸಬೇಕು. ಮೇಲಿನಿಂದ ಇಳಿಸಿ ನಿಲ್ಲಿಸಿದ ತಂತಿ ಹತ್ತು ನಿಮಿಷದಲ್ಲಿ ಇನ್ನಷ್ಟು ಇಳಿಯುತ್ತದೆ. ಎರಡನೆಯ ಸಾರಣಿಯನ್ನು ಮೊದಲನೆಯದರ ಜೊತೆ ಮೀಟುತ್ತ ಅಲೆ ನಿಲ್ಲುವವರೆಗೆ ಸೇರಿಸಿ. ಆಮೇಲೆ ಮಂದ್ರ. ಅದರ ಎರಡನೆಯ ನಾದ ಸಾರಣಿಯ ಜೊತೆ ಕೂಡಬೇಕು. ತಂತಿಯ ನಟ್ಟನಡುವೆ ಬೆರಳು ಹಗುರವಾಗಿ ತಾಗಿಸಿ ಮೀಟಿದರೆ ಆ ನಾದವೊಂದೇ ಸ್ಪಷ್ಟವಾಗಿ ಬರುತ್ತದೆ, ಹೋಲಿಸಲು ಸುಲಭ. ಕೊನೆಗೆ ಪಂಚಮ. ತಂಬೂರಿಯ ಪಂಚಮ ಷಡ್ಜಕ್ಕಿಂತ ಕೆಳಗಿನದು, 180. ಅದರ ನಾಲ್ಕರಷ್ಟು 720, ಸಾರಣಿಯ ಮೂರರಷ್ಟೂ 720. ಪಂಚಮದ ತಂತಿಯನ್ನು ಕಾಲುಭಾಗದಲ್ಲೂ ಸಾರಣಿಯನ್ನು ಮೂರನೇ ಒಂದು ಭಾಗದಲ್ಲೂ ತಾಗಿಸಿ ಮೀಟಿದರೆ ಎರಡೂ ಒಂದೇ ನಾದ ಕೊಡಬೇಕು. ಕೊನೆಯ ಎಳೆಯಷ್ಟು ತಿದ್ದುಪಡಿಗೆ ಬಿರಡೆ ಮುಟ್ಟಬೇಡಿ, ಮಣಿ ಸಾಕು: ಕುದುರೆಯಿಂದ ದೂರ, ತಂತಿ ಕಟ್ಟಿದ ಕೊನೆಯ ಕಡೆ ತಳ್ಳಿದರೆ ಶ್ರುತಿ ಏರುತ್ತದೆ, ಕುದುರೆಯ ಕಡೆ ತಂದರೆ ಇಳಿಯುತ್ತದೆ.

ಈಗ ನೂಲು. ತಂತಿಯ ಕೆಳಗೆ ಒಂದೊಂದು ಕೂದಲೆಳೆಯಷ್ಟೇ ಸರಿಸುತ್ತ ಮೀಟುತ್ತಿರಿ. ಒಂದು ಜಾಗದಲ್ಲಿ ನಾದ ಅರಳುತ್ತದೆ, ಅಲ್ಲಿ ಬಿಡಿ. ನೂಲು ಕೂತ ಮೇಲೆ ಶ್ರುತಿ ತುಸು ಬದಲಾಗಿರುತ್ತದೆ, ಮಣಿಯಿಂದ ಮತ್ತೊಮ್ಮೆ ನೋಡಿ. ಎಲ್ಲ ಸರಿಯಾಗಿದೆ ಎನ್ನಲು ಪರೀಕ್ಷೆ ಮಂದ್ರ ತಂತಿಯಲ್ಲಿದೆ: ಅದರಿಂದ ಏಳುವ ಗಾಂಧಾರ ನಡುಗದೆ ನಿಲ್ಲಬೇಕು. ಸಭಾಂಗಣದ ದೀಪಗಳ ಕಾವಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ, ಆದ್ದರಿಂದ ಗ್ರೀನ್ ರೂಮಿನಲ್ಲಿ ಮಾಡಿದ ಶ್ರುತಿಯನ್ನು ವೇದಿಕೆಯಲ್ಲಿ ಇನ್ನೊಮ್ಮೆ ನೋಡದೆ ಹಾಡಲು ಶುರು ಮಾಡಬಾರದು.

ವೀಣೆ ಕಲಿಯುವವರಿಗೆ ಈ ಗಣಿತ ಇನ್ನೂ ಹತ್ತಿರದ್ದು, ಏಕೆಂದರೆ ಅದು ಮೆಟ್ಟಿಲುಗಳನ್ನು (ಸ್ವರಕ್ಕಾಗಿ ತಂತಿ ಒತ್ತುವ ಪಟ್ಟಿಗಳನ್ನು) ಹಿಡಿದಿರುವ ಮೇಣದಲ್ಲಿ ಕೂತಿರುತ್ತದೆ. ನುಡಿಯುವ ತಂತಿ ಶುರುವಾಗುವ ಮೇರುವಿನಿಂದ ಕುದುರೆಗೆ 80 ಸೆಂಟಿಮೀಟರ್ ಎಂದುಕೊಂಡರೆ, 5/4ರ ಅಂತರ ಗಾಂಧಾರದ ಮೆಟ್ಟಿಲು ಮೇರುವಿನಿಂದ 16 ಸೆಂಟಿಮೀಟರಿಗೆ ಬರುತ್ತದೆ, ಸಮಭಾಗದ್ದು 16.5ಕ್ಕೆ. ಐದು ಮಿಲಿಮೀಟರ್ ವ್ಯತ್ಯಾಸ, ಕಣ್ಣಿಗೇ ಕಾಣುವಷ್ಟು. 6/5ರ ಸಾಧಾರಣ ಗಾಂಧಾರದಲ್ಲಿ ಅದು ಆರು ಮಿಲಿಮೀಟರ್, ಈ ಬಾರಿ ಎದುರು ದಿಕ್ಕಿಗೆ. ಪಂಚಮದಲ್ಲಿ ಒಂದು ಮಿಲಿಮೀಟರ್ ಕೂಡ ಇಲ್ಲ. ಆದರೆ ಅಳತೆಪಟ್ಟಿ ಹಿಡಿದು ಮೇಳ ಕಟ್ಟಿದರೆ (ಮೆಟ್ಟಿಲು ಕೂರಿಸಿದರೆ) ವೀಣೆ ಶ್ರುತಿಯಾಗುವುದಿಲ್ಲ. ಒತ್ತಿದಾಗ ತಂತಿ ಬಿಗಿಯಾಗಿ ಸ್ವರ ಏರುವುದರಿಂದ ಪ್ರತಿ ಮೆಟ್ಟಿಲನ್ನೂ ಲೆಕ್ಕದ ಜಾಗಕ್ಕಿಂತ ಕೊಂಚ ಮೇರುವಿನ ಕಡೆಗೆ ಸರಿಸಬೇಕು. ತಂತಿಯ ದಪ್ಪ, ಮೆಟ್ಟಿಲಿನಿಂದ ಅದರ ಎತ್ತರ, ನುಡಿಸುವವರ ಬೆರಳಿನ ಭಾರ ಎಲ್ಲವೂ ಇದರಲ್ಲಿ ಸೇರುತ್ತವೆ. ಅದಕ್ಕೇ ಮೇಣ ಮೆತ್ತಗಿರುವಾಗ ಕಿವಿಯಿಂದಲೇ ಕೂರಿಸುವುದು. ಎರಡು ಸ್ಥಾಯಿಯ 24 ಮೆಟ್ಟಿಲುಗಳಲ್ಲಿ ಮೊದಲು ಹನ್ನೆರಡನೆಯದನ್ನೂ ಆಮೇಲೆ ಏಳು, ಐದನ್ನೂ ಭದ್ರ ಮಾಡಿಕೊಂಡು ಉಳಿದವನ್ನು ಅವುಗಳಿಂದ ಹುಟ್ಟಿಸಿಕೊಳ್ಳುವುದು ಕ್ಷೇಮ. ಬೇಸಿಗೆಯಲ್ಲಿ ಮುಚ್ಚಿದ ಕಾರಿನಲ್ಲಿ ವೀಣೆ ಬಿಟ್ಟರೆ ಮೇಣ ಕರಗಿ ಮೆಟ್ಟಿಲುಗಳು ಕೂತುಬಿಡುತ್ತವೆ, ಅಷ್ಟೂ ಕೆಲಸ ಹೋಯಿತು.

ಇದರಲ್ಲೊಂದು ಬಿಡಿಸಲಾಗದ ಗಂಟಿದೆ. ಒಂದೇ ಮೆಟ್ಟಿಲು ನಾಲ್ಕು ತಂತಿಗಳಿಗೂ ದುಡಿಯಬೇಕು. ಎರಡನೆಯ ಮೆಟ್ಟಿಲನ್ನು ಷಡ್ಜದ ಮೊದಲ ತಂತಿಯಾದ ಸಾರಣಿಯ ಚತುಶ್ರುತಿ ರಿಷಭಕ್ಕೆ, 9/8ಕ್ಕೆ, 270ಕ್ಕೆ ಕೂರಿಸಿದರೆ ಪಂಚಮದ ತಂತಿಯಲ್ಲಿ ಅದು ಕೊಡುವ ಧೈವತ 27/16. ಮಧ್ಯಸ್ಥಾಯಿಗೆ ತಂದು ನೋಡಿದರೆ 405. ಸಾರಣಿಯ ಒಂಬತ್ತನೆಯ ಮೆಟ್ಟಿಲನ್ನು 5/3ಕ್ಕೆ ಕೂರಿಸಿದ್ದರೆ ಅಲ್ಲಿನ ಧೈವತ 400. ಒಂದೇ ಸ್ವರಕ್ಕೆ ಎರಡು ಬೆಲೆ, ನಡುವೆ 21.5 ಸೆಂಟ್. ಸರಿ, ಒಂಬತ್ತನೆಯದನ್ನೂ 405ಕ್ಕೆ ಏರಿಸೋಣ ಎಂದರೆ, ಅದೇ ಮೆಟ್ಟಿಲು ಪಂಚಮದ ತಂತಿಯಲ್ಲಿ ಕೊಡುವ ಗಾಂಧಾರ 303.75 ಆಗುತ್ತದೆ, ಸಾರಣಿಯ ನಾಲ್ಕನೆಯ ಮೆಟ್ಟಿಲಿನದು 300. ತಪ್ಪು ಧೈವತದಿಂದ ಗಾಂಧಾರಕ್ಕೆ ದಾಟಿತಷ್ಟೆ. 1550ರಲ್ಲಿ ವಿಜಯನಗರದಲ್ಲಿ 'ಸ್ವರಮೇಳಕಲಾನಿಧಿ' ಬರೆದ ರಾಮಾಮಾತ್ಯ ಸ್ವಯಂಭೂ (ತಂತಿಯಿಂದ ತಾನಾಗಿ ಏಳುವ) ಸ್ವರಗಳ ಮಾತೆತ್ತಿ ವೀಣೆಯ ಮೆಟ್ಟಿಲುಗಳನ್ನು ವಿವರಿಸುವಾಗ ಎದುರಿಗಿದ್ದದ್ದು ಇದೇ ಗಂಟು. ಕೈಯಲ್ಲಿ ಒಂದು ಉಪಾಯವಿದೆ: ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಬಹುದು. ಇಳಿಸಲು ಬರುವುದಿಲ್ಲ. ಹಾಗಾಗಿ ಸಂದೇಹವಿರುವ ಮೆಟ್ಟಿಲನ್ನು ತಗ್ಗಿನ ಬೆಲೆಗೇ ಕೂರಿಸುವುದು ಜಾಣತನ ಎಂಬುದು ನಮ್ಮ ಅಭಿಪ್ರಾಯ.

ಹಾರ್ಮೋನಿಯಂ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ವೃತ್ತಿ ರಂಗಭೂಮಿಯನ್ನೂ ಭಜನಾ ಮಂಡಳಿಗಳನ್ನೂ ಪೇಟಿಯಿಲ್ಲದೆ ಊಹಿಸಿಕೊಳ್ಳುವುದಕ್ಕಾಗದು. ಗಮಕ ಬಾರದು, ಸ್ವರಸ್ಥಾನ ನಮ್ಮದಲ್ಲ ಎಂಬ ಕಾರಣಗಳಿಂದ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ದೂರವಿಟ್ಟಿತು. 1971ರವರೆಗೆ ಆ ಬಾಗಿಲು ತೆರೆಯಲಿಲ್ಲ. ಮೊದಲ ಆಕ್ಷೇಪ ವಾದ್ಯದ ಹುಟ್ಟಿನದು, ಅದಕ್ಕೆ ಮದ್ದಿಲ್ಲ. ಎರಡನೆಯದಕ್ಕೆ ಇದೆ. ಹಿತ್ತಾಳೆಯ ರೀಡಿನ ತುದಿಯನ್ನು ಹೆರೆದರೆ ಸ್ವರ ಏರುತ್ತದೆ, ಬುಡವನ್ನು ಹೆರೆದರೆ ಇಳಿಯುತ್ತದೆ. ಬಲ್ಲವರ ಕೈಯಲ್ಲಿ ಒಂದು ಪೇಟಿಯನ್ನು ಶುದ್ಧ ಗಾಂಧಾರಕ್ಕೆ ತರಬಹುದು. ಷರತ್ತು ಇಷ್ಟೇ, ಆ ಪೇಟಿಗೆ ಷಡ್ಜ ಒಂದೇ. ಅದರಲ್ಲಿ ರಿಷಭವನ್ನು ಷಡ್ಜ ಮಾಡಿಕೊಂಡು ನುಡಿಸಿ ನೋಡಿ: 270ಕ್ಕೆ ಪಂಚಮವಾಗಿ ಸಿಗುವುದು 400, ಬೇಕಾದದ್ದು 405. ಸೆಕೆಂಡಿಗೆ ಹತ್ತು ಅಲೆ, ಕೇಳಲಾಗುವುದಿಲ್ಲ. ಸ್ಕೇಲ್ ಚೇಂಜರ್ ಇದ್ದರೂ ಪ್ರಯೋಜನವಿಲ್ಲ; ಅಲ್ಲಿ ಮನೆಗಳ ಹಲಗೆ ಸರಿಯುತ್ತದೆಯೇ ಹೊರತು ರೀಡುಗಳು ಇದ್ದಲ್ಲೇ ಇರುತ್ತವೆ. ಊರೂರು ತಿರುಗಿ ಹತ್ತಾರು ಗಾಯಕರಿಗೆ ಸಾಥ್ ಕೊಡುವವರು ಸಮಭಾಗದ ಪೇಟಿ ಇಟ್ಟುಕೊಳ್ಳುವುದು ಸರಿಯಾದ ತೀರ್ಮಾನವೇ. ಮನೆಯಲ್ಲಿ ಒಬ್ಬರೇ ಹಾಡುವ ಮಗುವಿಗೆ ಆ ಕಾರಣ ಅನ್ವಯಿಸುವುದಿಲ್ಲ.

ಕೀಬೋರ್ಡ್ ಕೊಂಡಾಗಿದೆ ಎನ್ನುವವರು ಅದರಲ್ಲಿ ಪ್ರತಿ ಸ್ವರವನ್ನೂ ಸೆಂಟ್ ಲೆಕ್ಕದಲ್ಲಿ ಏರಿಳಿಸುವ ವ್ಯವಸ್ಥೆ ಇದೆಯೇ ನೋಡಿ. ಎಷ್ಟೋ ಮಾದರಿಗಳಲ್ಲಿ ಇರುತ್ತದೆ. ಶಂಕರಾಭರಣ ರಾಗದ ಸ್ವರಗಳಿಗೆ ಷಡ್ಜವನ್ನು ಮುಟ್ಟದೆ ರಿಷಭ 4 ಏರಿಸಿ, ಗಾಂಧಾರ 14 ಇಳಿಸಿ, ಮಧ್ಯಮ 2 ಇಳಿಸಿ, ಪಂಚಮ 2 ಏರಿಸಿ, ಧೈವತ 16 ಇಳಿಸಿ, ನಿಷಾದ 12 ಇಳಿಸಿ. ಮಾಯಾಮಾಳವಗೌಳ ರಾಗದಲ್ಲಿ ಮೊದಲ ಪಾಠಗಳಾದ ಸರಳೆ ವರಸೆ ಕಲಿಯುವ ಮಕ್ಕಳಿಗೆ ರಿಷಭ 12, ಧೈವತ 14 ಏರಿಸಿ, ಉಳಿದವು ಮೇಲಿನಂತೆಯೇ. ಬೇರೆ ಶ್ರುತಿಗೆ ಹೋದಾಗ ಈ ಅಂಕೆಗಳನ್ನು ಹೊಸ ಷಡ್ಜದಿಂದ ಎಣಿಸಿ ಮತ್ತೆ ಹಾಕಬೇಕು. ವಾದ್ಯದ ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರೆ ಕೆಲವದರಲ್ಲಿ ಇವು ಜೊತೆಗೆ ಸರಿಯುತ್ತವೆ, ಕೆಲವದರಲ್ಲಿ ಇಲ್ಲ. ಗಾಂಧಾರ ಹಿಡಿದು ಕೇಳಿದರೆ ತಿಳಿಯುತ್ತದೆ.

ಇಷ್ಟೆಲ್ಲ ಓದಿ ಎಲ್ಲವನ್ನೂ ಭಿನ್ನರಾಶಿಯಲ್ಲಿ ಕಟ್ಟಿಹಾಕಬಹುದೆಂದು ಯಾರೂ ತಿಳಿಯಬಾರದು. ತೋಡಿ ರಾಗದ ಗಾಂಧಾರ ಒಂದು ಬಿಂದುವಲ್ಲ, ಅದೊಂದು ಚಲನೆ. ಅದಕ್ಕೆ ಒಂದು ಅಂಕೆ ಕೊಡುವುದು ವ್ಯರ್ಥ. ಭಿನ್ನರಾಶಿ ಕೆಲಸಕ್ಕೆ ಬರುವುದು ತಂಬೂರಿಯ ಎದುರು ಸ್ವರ ನಿಂತಾಗ. ಹಾಗೆಯೇ ಹಳೆಯ ಶಾಸ್ತ್ರಗಳು ಸ್ಥಾಯಿಯೊಳಗೆ ಎಣಿಸುವ ಇಪ್ಪತ್ತೆರಡು ಶ್ರುತಿ (ಸಣ್ಣ ಸ್ವರಾಂತರಗಳು) ಎಂದರೆ ಸ್ಥಾಯಿಯ ಇಪ್ಪತ್ತೆರಡು ಸಮಭಾಗ ಎಂಬ ಮಾತೂ ಸರಿಹೊಂದುವುದಿಲ್ಲ. ನಾಟ್ಯಶಾಸ್ತ್ರದ ಭರತನ ಲೆಕ್ಕದಲ್ಲಿ ಷಡ್ಜ–ಪಂಚಮಕ್ಕೆ 13 ಶ್ರುತಿ. ಸಮಭಾಗ ಮಾಡಿ 13 ಎಣಿಸಿದರೆ ಪಂಚಮ 7 ಸೆಂಟ್ ಏರಿ, ಷಡ್ಜದ ಜೊತೆ ಸೆಕೆಂಡಿಗೆ ಮೂರು ಅಲೆ ಏಳುತ್ತದೆ. ಅಂಥ ಪಂಚಮವನ್ನು ಯಾವ ಕಾಲದ ವೈಣಿಕನೂ ಒಪ್ಪಿರಲಾರ.

ಆ ಅಂಕಣದಲ್ಲೇ ಮುಂದಿನ ವಾರ ಈ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇವೆ. ಟ್ಯೂನರ್, ಶ್ರುತಿ ಪೆಟ್ಟಿಗೆಯ ಆಪ್‌ಗಳನ್ನು ಮಾಡುವ ನಮ್ಮ ಊರುಗಳ ಎಂಜಿನಿಯರುಗಳಲ್ಲೂ ಒಂದು ವಿನಂತಿ: ಷಡ್ಜವನ್ನು ಬಳಸುವವರೇ ಯಾವ ಕಂಪನಕ್ಕಾದರೂ ಇಟ್ಟುಕೊಳ್ಳುವಂತಿರಲಿ, ಸ್ವರಗಳು ಆ ಷಡ್ಜದಿಂದ ಭಿನ್ನರಾಶಿಯ ಲೆಕ್ಕದಲ್ಲಿ ಬರಲಿ, ಈಗ ಯಾವ ಅಳತೆ ಚಾಲ್ತಿಯಲ್ಲಿದೆ ಎಂಬುದು ಪರದೆಯ ಮೇಲೆ ಕನ್ನಡದಲ್ಲಿ ಕಾಣಲಿ. ಪೋಷಕರು ವಾದ್ಯದಂಗಡಿಯಲ್ಲಿ ಶ್ರುತಿ ಪೆಟ್ಟಿಗೆ ಕೊಳ್ಳುವಾಗ ಪಂಚಮವನ್ನು ಬೇರೆಯಾಗಿ ತಿದ್ದುವ ತಿರುಗಣೆ ಇದೆಯೇ ಎಂದು ಕೇಳಿ, ಅಲ್ಲೇ ಷಡ್ಜ–ಪಂಚಮ ಹಾಕಿ ಅರ್ಧ ನಿಮಿಷ ಕೇಳಿ, ಅಲೆ ನಿಂತರೆ ಮಾತ್ರ ಕೊಳ್ಳಿ.

ಇತಿ,
ವೀಣೆ, ತಂಬೂರಿ ಪಾಠ ಮತ್ತು ದುರಸ್ತಿಯಲ್ಲಿ ತೊಡಗಿರುವ ಓದುಗರು
ಮೈಸೂರು